ಹೇಗಾಯ್ತು ಅಂದ್ರೆ

ಸುಟ್ಟಗಾಯದ ವಾರ್ಡಿನಲ್ಲಿ ಯಾರೂ ಹೆಸರು ಮೊದಲು ಕೇಳುವುದಿಲ್ಲ. "ಹೇಗಾಯ್ತು?" ಅಂತಲೇ ಶುರು. ಡ್ಯೂಟಿ ಡಾಕ್ಟರು ಕೇಳುತ್ತಾರೆ, ಸಿಸ್ಟರ್ ಕೇಳುತ್ತಾರೆ, ಪೊಲೀಸಿನವರು ಕೇಳುತ್ತಾರೆ. ಕಸ ಗುಡಿಸುವ ಅಕ್ಕ ಕೂಡ ಪೊರಕೆ ಗೋಡೆಗೆ ಒರಗಿಸಿ ಕೇಳುತ್ತಾರೆ. ಮೊದಲ ದಿನ ನಾನು ಹೇಳಿದ್ದು ಎರಡೇ ಮಾತು: "ಹುಳಿ ಬಿತ್ತು." ಕೇಸ್ ಶೀಟಿನಲ್ಲೂ ಅಷ್ಟೇ ಬರೆದುಕೊಂಡರು. ಇಪ್ಪತ್ತಾರು ದಿನ ಅಲ್ಲೇ ಮಲಗಿದ ಮೇಲೆ ಆ ಉತ್ತರ ಎಷ್ಟು ಅರ್ಧಂಬರ್ಧ ಅಂತ ನನಗೇ ಗೊತ್ತಾಯಿತು.

ನಾನು ಮದುವೆ ಅಡುಗೆ ಕೆಲಸದವನು. ಶಿವಮೊಗ್ಗದ ಸುತ್ತಮುತ್ತ ಎಲ್ಲಿ ಕರೆದರೂ ಹೋಗುತ್ತೇವೆ. ದೊಡ್ಡ ಭಟ್ಟರು ಒಬ್ಬರು, ನಾವು ಆರೇಳು ಜನ ಸಹಾಯಕರು. ಅವತ್ತು ಎಂಟುನೂರು ಎಲೆಯ ಮದುವೆ. ಮೇ ತಿಂಗಳು, ಹಿಂದಿನ ದಿನವೂ ಇನ್ನೊಂದು ಛತ್ರದಲ್ಲಿ ಕೆಲಸ ಇತ್ತು. ರಾತ್ರಿ ಒಂದೂವರೆಗೆ ಮಲಗಿ ನಾಲ್ಕಕ್ಕೆ ಎದ್ದಿದ್ದೆವು. ಮೊದಲ ಪಂಕ್ತಿಗೆ ಎಲೆ ಹಾಕಿಯಾಗಿತ್ತು. ಊಟದ ಹಾಲ್ ಕಡೆಯಿಂದ "ಹುಳಿ ಎಲ್ರೀ, ಹುಳಿ" ಅಂತ ಕೂಗು.

ನಲವತ್ತು ಲೀಟರ್ ಹಿಡಿಯುವ ಪಾತ್ರೆ. ಒಂದು ಕಡೆ ಹಿಡಿ ನಾನು, ಇನ್ನೊಂದು ಕಡೆ ನನ್ನ ಜೊತೆಗಾರ. ಒಲೆಯಿಂದ ಬಾಗಿಲಿಗೆ ಹದಿನೈದು ಹೆಜ್ಜೆ ಇರಬಹುದು. ಆ ದಾರಿಯಲ್ಲೇ ಮೋರಿ. ಸ್ವಲ್ಪ ಹೊತ್ತಿನ ಮುಂಚೆ ಅಲ್ಲೇ ಅನ್ನ ಬಸಿದಿದ್ದರು. ಸೋರೆಕಾಯಿ ಸಿಪ್ಪೆ ಮೋರಿ ಬಾಯಿಗೆ ಅಡ್ಡ ಕೂತು ಗಂಜಿ ನೀರು ಹೊರಗೆ ಹೋಗದೆ ನೆಲದ ಮೇಲೆ ನಿಂತಿತ್ತು. ಬೆಳಿಗ್ಗೆ ಎರಡು ಸಲ ಅದನ್ನು ನೋಡಿದ್ದೆ. ಕಾಲಲ್ಲಿ ಹಿಮ್ಮಡಿ ಸವೆದು ಕಾಗದದಷ್ಟಾಗಿದ್ದ ಹವಾಯಿ ಚಪ್ಪಲಿ. ಕೈಯಲ್ಲಿ ಮಸಿಬಟ್ಟೆ, ಅದೂ ಒದ್ದೆ. ಒಣಗಿದ ಬಟ್ಟೆ ಆದರೆ ಸ್ವಲ್ಪ ಹೊತ್ತು ಬಿಸಿ ತಡೆಯುತ್ತದೆ. ಒದ್ದೆ ಬಟ್ಟೆ ಬಿಸಿಯನ್ನು ನೇರ ಕೈಗೆ ತಂದು ಕೊಡುತ್ತದೆ. ಕೈ ಚುರುಕ್ ಅಂತು, ಹಿಡಿತ ಸಡಿಲ ಮಾಡಿದೆ. ಅದೇ ಹೊತ್ತಿಗೆ ಕಾಲು ಗಂಜಿ ಮೇಲೆ ಹೋಯಿತು.

ಬಿದ್ದಾಗ ಮೊದಲು ತಣ್ಣಗಾಯಿತು. ನಿಜವಾಗಿ. ಬಲಗೈ ಮೇಲೆ ಯಾರೋ ಐಸ್ ನೀರು ಸುರಿದ ಹಾಗೆ. ಆಮೇಲೆ ನನ್ನದೇ ಕೂಗು ನನಗೆ ಕೇಳಿಸಿತು.

ಬಲಗೈ ಮೊಣಕೈಯಿಂದ ಬೆರಳ ತನಕ, ಬಲತೊಡೆಯ ಮುಂಭಾಗ, ಪಾದದ ಮೇಲೆ ಒಂದಿಷ್ಟು. ಹುಳಿ ಬರೀ ನೀರಲ್ಲ ನೋಡಿ. ಬೇಳೆ, ಕೊಬ್ಬರಿ ರುಬ್ಬಿ ಹಾಕಿದ್ದು, ಮೇಲೆ ಒಗ್ಗರಣೆ ಎಣ್ಣೆ. ನೀರಾದರೆ ಹರಿದು ಹೋಗುತ್ತದೆ, ಇದು ಅಂಟಿಕೊಂಡು ಕೂರುತ್ತದೆ. ಅದರ ಮೇಲೆ ನಾನು ಹಾಕಿದ್ದು ಪಾಲಿಯೆಸ್ಟರ್ ಟ್ರ್ಯಾಕ್ ಪ್ಯಾಂಟು. ದೊಡ್ಡ ಭಟ್ಟರು ಯಾವಾಗಲೂ ಹತ್ತಿ ಪಂಚೆಯವರು, "ಅಡುಗೆ ಮನೇಲಿ ಪಂಚೆ ಯಾಕೆ ಅಂತ ಗೊತ್ತೇನೋ, ಒಂದೇ ಎಳೆತಕ್ಕೆ ಬಿಚ್ಚಿ ಎಸೀಬಹುದು" ಅಂತ ಹೇಳುತ್ತಿದ್ದರು. ನಾವು ಹುಡುಗರು ನಗುತ್ತಿದ್ದೆವು. ಪ್ಯಾಂಟು ಬಿಸಿ ಹುಳಿ ಕುಡಿದು ತೊಡೆಗೆ ಅಂಟಿತ್ತು. ಬಿಚ್ಚುವಷ್ಟರಲ್ಲಿ ಆಗಬೇಕಾದ್ದು ಆಗಿತ್ತು.

ಯಾರೋ ಓಡಿ ಬಂದು ಕೈ ಮೇಲೆ ದೋಸೆ ಹಿಟ್ಟು ಸುರಿದರು. ಇನ್ಯಾರೋ ಟೂತ್‌ಪೇಸ್ಟ್ ತಂದರು. ಎಲ್ಲರೂ ಪಾಪ ಒಳ್ಳೇದಕ್ಕೇ ಮಾಡಿದ್ದು. ಭಟ್ಟರು ಬೈದು ಎಲ್ಲರನ್ನೂ ಸರಿಸಿ ಪಾತ್ರೆ ತೊಳೆಯುವ ನಲ್ಲಿ ಪೈಪನ್ನು ನನ್ನ ಕೈಗೆ ಹಿಡಿದರು. ಐದು ನಿಮಿಷ ಇರಬಹುದು. ಅಷ್ಟರಲ್ಲಿ ಓಮ್ನಿ ಬಂತು ಅಂತ ಎತ್ತಿ ಕೂರಿಸಿಕೊಂಡು ಹೋದರು. ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದು: ಆ ಪೈಪನ್ನು ಇಪ್ಪತ್ತು ನಿಮಿಷ ಹಿಡಿದಿದ್ದರೆ ಗಾಯ ಇಷ್ಟು ಆಳ ಹೋಗುತ್ತಿರಲಿಲ್ಲವೇನೋ. ಸುಟ್ಟ ಮೇಲೆ ಮೂರು ಗಂಟೆಯೊಳಗೆ ಯಾವಾಗ ನೀರು ಬಿಟ್ಟರೂ ಪ್ರಯೋಜನ ಇದೆಯಂತೆ. ಮಾಮೂಲಿ ನಲ್ಲಿ ನೀರು. ಐಸ್ ಬೇಡ, ಅದು ಚರ್ಮವನ್ನು ಇನ್ನಷ್ಟು ಕೆಡಿಸುತ್ತದೆ. ಇನ್ನೊಂದು ವಿಷಯ ಯಾರಿಗೂ ಹೊಳೆದಿರಲಿಲ್ಲ. ಬೆರಳಲ್ಲಿ ಬೆಳ್ಳಿ ಉಂಗುರ ಇತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬೆರಳು ಬಾಳೆಕಾಯಿ ಹಾಗೆ ಊದಿ ಉಂಗುರ ಒಳಗೆ ಹೂತು ಹೋಗಿತ್ತು. ಕತ್ತರಿಸಿ ತೆಗೆದರು. ಸುಟ್ಟ ತಕ್ಷಣ ಬಳೆ, ಉಂಗುರ, ವಾಚು ತೆಗೀಬೇಕು ಅನ್ನೋದು ಅಲ್ಲಿ ಕಲಿತ ಮೊದಲ ಪಾಠ. ಎರಡನೆಯದು, ಒಣಗಿ ಕಚ್ಚಿಕೊಂಡ ದೋಸೆ ಹಿಟ್ಟನ್ನು ಸುಟ್ಟ ಚರ್ಮದಿಂದ ಬಿಡಿಸುವುದು ಹೇಗಿರುತ್ತದೆ ಅನ್ನೋದು. ಅದನ್ನು ಬರೆಯಲು ನನಗೆ ಇಷ್ಟ ಇಲ್ಲ.

ಎಷ್ಟು ಸುಟ್ಟಿದೆ ಅಂತ ಅಳೆದ ರೀತಿ ನನಗೆ ತಮಾಷೆ ಅನ್ನಿಸಿತ್ತು. ಒಂದು ಪೂರ್ತಿ ಕೈ ಅಂದರೆ ಮೈಯ ಶೇಕಡಾ 9, ಒಂದು ಕಾಲು ಅಂದರೆ 18, ತಲೆ 9, ಹೀಗೆ ಲೆಕ್ಕ. ಅಲ್ಲಲ್ಲಿ ಚೂರುಚೂರು ಸುಟ್ಟಿದ್ದರೆ ರೋಗಿಯ ಅಂಗೈಯೇ ಅಳತೆಗೋಲು. ಬೆರಳೂ ಸೇರಿ ಅವರವರ ಅಂಗೈ ಅಗಲ ಹೆಚ್ಚೂಕಡಿಮೆ ಶೇಕಡಾ 1. ಡಾಕ್ಟರು ನನ್ನ ಎಡಗೈಯನ್ನು ಗಾಳಿಯಲ್ಲೇ ತೊಡೆಯ ಮೇಲೆ ಇಡುತ್ತಾ ಎಣಿಸಿದರು. ಒಟ್ಟು ಹನ್ನೆರಡು ಬಂತು.

ತೊಡೆಯ ಮೇಲೆ ಕೆಂಪು, ಬೊಬ್ಬೆ, ಉರಿಯೋ ಉರಿ. ಮುಂಗೈ ಹತ್ತಿರ ಒಂದು ಜಾಗ ಮಾತ್ರ ಬೆಳ್ಳಗೆ, ಮೇಣ ಹಚ್ಚಿದ ಹಾಗೆ. ಅಲ್ಲಿ ಚುಚ್ಚಿದರೂ ನೋವಿಲ್ಲ.

"ಇಲ್ಲಿ ಏನೂ ಆಗಿಲ್ಲ ಅಲ್ವಾ ಡಾಕ್ಟ್ರೇ?" ಅಂದೆ, ಖುಷಿಯಿಂದ.

ಅವರು ಒಂದು ಕ್ಷಣ ಸುಮ್ಮನಿದ್ದರು. "ನೋವು ಹೇಳೋ ನರವೇ ಸುಟ್ಟಿದೆ. ನಮಗೆ ತಲೆನೋವು ಇರೋದೇ ಆ ಜಾಗ."

ಆಮೇಲೆ ಶುರುವಾಯಿತು ಡ್ರೆಸಿಂಗ್. ದಿನ ಬಿಟ್ಟು ದಿನ. ಬೆಳಿಗ್ಗೆ ಗಾಲಿ ಸದ್ದು ಕೇಳಿದರೆ ಸಾಕು, ಇಡೀ ವಾರ್ಡಿನಲ್ಲಿ ಮಾತು ನಿಲ್ಲುತ್ತಿತ್ತು. ನೋವಿನ ಇಂಜೆಕ್ಷನ್ ಕೊಟ್ಟು, ಹಳೇ ಬಟ್ಟೆಯನ್ನು ಸಲೈನ್ ನೀರಲ್ಲಿ ನೆನೆಸಿ, ಎಳೆ ಎಳೆಯಾಗಿ ಬಿಡಿಸಿ, ಸತ್ತ ಚರ್ಮ ತೆಗೆದು, ಬೆಳ್ಳಿ ಅಂಶ ಇರುವ ಬಿಳಿ ಕ್ರೀಮು ದಪ್ಪಗೆ ಬಳಿದು ಮತ್ತೆ ಸುತ್ತುವುದು. ಸಿಸ್ಟರ್ ಒಬ್ಬರು ಬಿಡಿಸುವಾಗೆಲ್ಲ ಅಡುಗೆ ವಿಷಯ ತೆಗೆಯುತ್ತಿದ್ದರು. "ಹೋಳಿಗೆ ಕಣಕ ಎಷ್ಟು ಹೊತ್ತು ನೆನೀಬೇಕಪ್ಪ?" ನಾನು ಹಲ್ಲು ಕಚ್ಚಿಕೊಂಡು "ಎರಡು ಗಂಟೆ ಸಿಸ್ಟರ್, ಎಣ್ಣೆ ಜಾಸ್ತಿ ಹಾಕಿ" ಅನ್ನುತ್ತಿದ್ದೆ. ಅಷ್ಟರಲ್ಲಿ ಒಂದು ಸುತ್ತು ಬಿಚ್ಚಿಯಾಗಿರುತ್ತಿತ್ತು.

ಮಿಕ್ಕ ಹೊತ್ತು ಮಾಡುವುದಕ್ಕೆ ಏನೂ ಇಲ್ಲ. ಅಕ್ಕಪಕ್ಕದವರ ಕಥೆ ಕೇಳುವುದೇ ಕೆಲಸ.

ನನ್ನ ಎಡಗಡೆ ಗಾರೆ ಕೆಲಸದವರು, ಐವತ್ತರ ಹತ್ತಿರದವರು. ಅವರದು ಬೆಂಕಿಯೂ ಅಲ್ಲ, ಬಿಸಿಯೂ ಅಲ್ಲ. ಸಿಮೆಂಟು. ಮನೆ ತಾರಸಿಗೆ ಕಾಂಕ್ರೀಟ್ ಹಾಕುವಾಗ ಗಮ್ ಬೂಟಿನ ಒಳಗೆ ಒದ್ದೆ ಸಿಮೆಂಟು ಹೋಗಿದೆ. ಸಂಜೆಯವರೆಗೂ ಹಾಗೇ ನಿಂತು ಕೆಲಸ ಮಾಡಿದ್ದಾರೆ. ಒದ್ದೆ ಸಿಮೆಂಟು ಸುಣ್ಣದ ಜಾತಿ, ನಿಧಾನಕ್ಕೆ ಚರ್ಮ ತಿನ್ನುತ್ತದೆ, ಗೊತ್ತೇ ಆಗುವುದಿಲ್ಲ. ರಾತ್ರಿ ಬೂಟು ತೆಗೆದಾಗ ಕಣಕಾಲಿನ ಚರ್ಮ ಕಪ್ಪಗಾಗಿತ್ತಂತೆ. "ಮೂವತ್ತು ವರ್ಷದಿಂದ ಇದೇ ಕೆಲಸ ಸಾಮಿ, ದಿನಾ ಕಾಲಿಗೆ ಅಂಟೋದೇ" ಅಂದರು.

ಎದುರು ಮಂಚದಲ್ಲಿ ಆಲೆಮನೆ ಹುಡುಗ. ಬೆಲ್ಲ ಅಚ್ಚಿಗೆ ಹೊಯ್ಯುವ ಹದಕ್ಕೆ ಬಂದ ಪಾಕ ಕುದಿಯೋ ನೀರಿಗಿಂತ ಬಿಸಿ ಇರುತ್ತದೆ, ಮೇಲಾಗಿ ಅಂಟು. ಕೊಪ್ಪರಿಗೆ ಇಳಿಸುವಾಗ ಕೈ ಒಳಗೆ ಹೋಗಿದೆ. ಅಭ್ಯಾಸಬಲ, ಇನ್ನೊಂದು ಕೈಯಿಂದ ಒರೆಸಿಕೊಂಡಿದ್ದಾನೆ. ಎರಡೂ ಕೈಗೆ ಕಟ್ಟು. ಅವನಿಗೆ ಊಟ ಮಾಡಿಸಲು ಅವನ ತಂದೆ ದಿನಾ ಬರುತ್ತಿದ್ದರು. ಪಾಪ, ಆ ಹುಡುಗ ಅನ್ನದ ತುತ್ತು ಬಾಯಿಗೆ ಬರುವ ಮೊದಲು "ಬಿಸಿ ಇದೆಯಾ" ಅಂತ ಕೇಳುತ್ತಿದ್ದ.

ಮೂಲೆ ಮಂಚದವನು ಪೇಂಟರ್. ಮಹಡಿ ಮೇಲೆ ಕಬ್ಬಿಣದ ಉದ್ದನೆ ರಾಡು ಎತ್ತಿದಾಗ ಮೇಲಿದ್ದ ಹನ್ನೊಂದು ಸಾವಿರ ವೋಲ್ಟಿನ ತಂತಿ ಎಳೆದುಕೊಂಡಿತು. ನೋಡಿದರೆ ಅಂಗೈಯಲ್ಲಿ ಒಂದು ರೂಪಾಯಿ ಅಗಲದ ಕಪ್ಪು ಕಲೆ, ಪಾದದಲ್ಲಿ ಇನ್ನೊಂದು. ನನ್ನ ಗಾಯದ ಮುಂದೆ ಅದು ಏನೂ ಅಲ್ಲ ಅಂದುಕೊಂಡಿದ್ದೆ. ನಾಲ್ಕನೇ ದಿನ ಅವನ ಬಲಗೈಯನ್ನು ಮೊಣಕೈ ಕೆಳಗೆ ತೆಗೆದರು. ಕರೆಂಟು ಒಳಗೆ ಹೋದ ಜಾಗ, ಹೊರಗೆ ಬಂದ ಜಾಗ ಮಾತ್ರ ಕಾಣುತ್ತದೆ. ನಡುವೆ ಮಾಂಸ, ರಕ್ತನಾಳ ಎಲ್ಲ ಬೆಂದಿರುತ್ತದೆ.

ಕಸಕ್ಕೆ ಥಿನ್ನರ್ ಸುರಿದು ಕಡ್ಡಿ ಗೀರಿದವನೊಬ್ಬ ಬಂದು ಹೋದ. ಫಿಟ್ಸ್ ಬಂದು ಹಂಡೆ ಒಲೆಯ ಕೆಂಡದ ಮೇಲೆ ಬಿದ್ದ ಅಜ್ಜ ಒಬ್ಬರಿದ್ದರು, ಮೂರು ದಿನ ಮಾತ್ರೆ ನುಂಗಿರಲಿಲ್ಲ.

ಹೆಂಗಸರ ವಾರ್ಡು ಕಾರಿಡಾರಿನ ಆಚೆ. ಅಲ್ಲಿಯ ಸುದ್ದಿ ನನಗೆ ತರುತ್ತಿದ್ದವರು ಅಮ್ಮ. ರಾತ್ರಿ ಕಾರಿಡಾರಿನಲ್ಲಿ ಚಾಪೆ ಹಾಸಿಕೊಂಡು ಮಲಗುವ ಹೆಂಗಸರೆಲ್ಲ ಎರಡೇ ದಿನದಲ್ಲಿ ನೆಂಟರಾಗಿಬಿಟ್ಟಿದ್ದರು. ಗಂಡಸರ ಕಡೆ ಹೆಚ್ಚಿನವರು ಕೆಲಸದ ಜಾಗದಲ್ಲಿ ಸುಟ್ಟುಕೊಂಡವರು, ಆ ಕಡೆ ಹೆಚ್ಚಿನವರು ಅಡುಗೆ ಮನೆಯಲ್ಲಿ. ಇದು ನಮ್ಮ ವಾರ್ಡಿನ ಕಥೆ ಮಾತ್ರ ಅಲ್ಲ, ಎಲ್ಲ ಕಡೆ ಹೀಗೇ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಾಹಿತಿಯಲ್ಲಿ ಆಮೇಲೆ ಓದಿದೆ. ಭಾರತದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಜಾಸ್ತಿ ಜನ ಸಾಧಾರಣದಿಂದ ತೀವ್ರ ಮಟ್ಟದಲ್ಲಿ ಸುಟ್ಟುಕೊಳ್ಳುತ್ತಾರೆ ಅಂತಲೂ ಅಲ್ಲೇ ಇತ್ತು.

ಅಮ್ಮ ತಂದ ಕಥೆಗಳಲ್ಲಿ ಒಂದು ಕುಕ್ಕರಿನದು. ವಿಷಲ್ ಬರುತ್ತಿಲ್ಲ ಅಂತ ಮುಚ್ಚಳವನ್ನು ಬಲವಂತವಾಗಿ ತಿರುಗಿಸಿದ್ದಾರೆ. ವಿಷಲ್ ರಂಧ್ರಕ್ಕೆ ಬೇಳೆ ಸಿಪ್ಪೆ ಕಟ್ಟಿತ್ತು, ಒಳಗೆ ಪ್ರೆಶರ್ ಹಾಗೇ ಇತ್ತು. ಇನ್ನೊಂದು ಗ್ಯಾಸಿನದು. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡಿ ಕೂರುತ್ತದೆ. ಮೂಗಿಗೆ ವಾಸನೆ ಬಂದಾಗ ಆಯಮ್ಮ ಮೊದಲು ಮಾಡಿದ್ದು ಲೈಟ್ ಸ್ವಿಚ್ ಹಾಕಿ ನೋಡಿದ್ದು. ಆ ಕಿಡಿಯೇ ಸಾಕಾಯಿತು. ಕಿಟಕಿ ಬಾಗಿಲು ತೆಗೆದು, ರೆಗ್ಯುಲೇಟರ್ ಆಫ್ ಮಾಡಿ, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು ಅಂತ ನನಗೆ ಗೊತ್ತಿತ್ತು, ಕೆಲಸದ ಜಾಗದಲ್ಲಿ ದಿನಾ ಸಿಲಿಂಡರ್ ಜೊತೆ ಇರುವವನು. ಆದರೆ ನಮ್ಮ ಮನೆ ಗ್ಯಾಸಿನ ರಬ್ಬರ್ ಪೈಪನ್ನು ಎಷ್ಟು ವರ್ಷದ ಹಿಂದೆ ಬದಲಾಯಿಸಿದ್ದು ಅಂತ ಅಮ್ಮ ಕೇಳಿದರೆ ಉತ್ತರ ಇರಲಿಲ್ಲ.

ಮಕ್ಕಳ ಕಥೆ ಹೇಳುವಾಗ ಅಮ್ಮನ ದನಿ ಇಳಿಯುತ್ತಿತ್ತು. ಎರಡೂವರೆ ವರ್ಷದ ಮಗು, ಬಚ್ಚಲಲ್ಲಿ ಹಿಂದಕ್ಕೆ ಹೆಜ್ಜೆ ಇಟ್ಟು ಬಿಸಿನೀರಿನ ಬಕೆಟ್ಟಿನೊಳಗೆ ಕೂತುಬಿಟ್ಟಿದೆ. ತಾಯಿ ಮೊದಲು ಬಿಸಿನೀರು ತುಂಬಿ, ತಣ್ಣೀರು ತರಲು ತಿರುಗಿದ್ದಾಳೆ, ಅಷ್ಟೇ. ಅರವತ್ತು ಡಿಗ್ರಿ ನೀರು ಸಾಕು, ದೊಡ್ಡವರ ಚರ್ಮವೇ ಐದಾರು ಸೆಕೆಂಡಿನಲ್ಲಿ ಆಳಕ್ಕೆ ಸುಡುತ್ತದೆ ಅಂತ ಸಿಸ್ಟರ್ ಹೇಳಿದರು. ಮಗುವಿನ ಚರ್ಮ ಅದಕ್ಕಿಂತ ತೆಳು. ತಣ್ಣೀರು ಮೊದಲು, ಬಿಸಿನೀರು ಆಮೇಲೆ. ಬರೀ ಕ್ರಮ ಬದಲಾದರೆ ಸಾಕಿತ್ತು. ಆ ತಾಯಿ ಅದನ್ನೇ ಹೇಳಿಕೊಂಡು ಅಳುತ್ತಿದ್ದಳಂತೆ. "ನಾನೇ ಮಾಡಿದ್ದು" ಅಂತ. ಅವಳ ಅತ್ತೆಯೂ ಹಾಗೇ ನೀರು ತೋಡುವುದು, ಅವಳ ಅಮ್ಮನೂ ಹಾಗೇ.

ಇನ್ನೊಬ್ಬಳು ಹುಡುಗಿಯ ಬಗ್ಗೆ ಅಮ್ಮ ಜಾಸ್ತಿ ಹೇಳಲಿಲ್ಲ. ಮದುವೆಯಾಗಿ ಎರಡು ವರ್ಷ. "ಸೀರೆಗೆ ಒಲೆ ಬೆಂಕಿ ತಗುಲಿತು" ಅಂತ ಹೇಳಿಕೆ. ಒಂದು ಮಧ್ಯಾಹ್ನ ತಹಸೀಲ್ದಾರರು ಬಂದರು. ಗಂಡನ ಕಡೆಯವರನ್ನೆಲ್ಲ ಕಾರಿಡಾರಿನ ಕೊನೆಗೆ ಕಳಿಸಿ, ಬಾಗಿಲು ಹಾಕಿಕೊಂಡು ಅವಳ ಹೇಳಿಕೆ ಬರೆದುಕೊಂಡರು. ಒಳಗೆ ಏನು ಹೇಳಿದಳೋ ನಮಗೆ ಗೊತ್ತಿಲ್ಲ. ಮಾರನೇ ದಿನದಿಂದ ಅವಳ ತವರಿನವರು ಮಾತ್ರ ಇದ್ದರು. ಆಮೇಲೆ ಅವರೂ ಕಾಣಲಿಲ್ಲ. ಅಮ್ಮ ಆ ರಾತ್ರಿ ಊಟ ಮಾಡಲಿಲ್ಲ.

ಹನ್ನೊಂದನೇ ದಿನ ಮುಂಗೈ ಜಾಗ ತಾನಾಗಿ ವಾಸಿಯಾಗುವುದಿಲ್ಲ, ಚರ್ಮ ಕಸಿ ಮಾಡಬೇಕು ಅಂದರು. ಎಡತೊಡೆಯಿಂದ ಸಿಪ್ಪೆಯಷ್ಟು ತೆಳುವಾಗಿ ಚರ್ಮ ಹೆರೆದು ಮುಂಗೈಗೆ ಹಾಕುವುದು. ಕಸಿ ಮಾಡಿದ ಕೈ ಅಷ್ಟೇನೂ ನೋಯಲಿಲ್ಲ. ಚರ್ಮ ಕೊಟ್ಟ ತೊಡೆ ಇದೆಯಲ್ಲ, ಅದು ರಾತ್ರಿ ಇಡೀ ಉರಿಯಿತು. ರಸ್ತೆಯಲ್ಲಿ ಬಿದ್ದು ಮಂಡಿ ತರಚಿಕೊಂಡರೆ ಆಗುತ್ತದಲ್ಲ, ಅದೇ ಉರಿ ಇಡೀ ತೊಡೆಗೆ. ಐದನೇ ದಿನ ಕಟ್ಟು ಬಿಚ್ಚಿದಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. "ಹಿಡಿದಿದೆ ಕಣಪ್ಪ" ಅಂದರು ಸಿಸ್ಟರ್. ಕಸಿ ಮಾವಿನ ಬಗ್ಗೆ ಹೇಳಿದ ಹಾಗೆ. ಕಣ್ಣು ಬಿಟ್ಟರೆ ಬಲೆ ಬಲೆಯಂಥ ಗುಲಾಬಿ ಚರ್ಮ.

ಊಟದ ವಿಷಯಕ್ಕೆ ಅಮ್ಮನಿಗೂ ಡಾಕ್ಟರಿಗೂ ಒಂದು ಸಣ್ಣ ಯುದ್ಧ. ಬದನೆಕಾಯಿ ನಂಜು, ಮೊಟ್ಟೆ ನಂಜು, ಬೇಳೆ ತಿಂದರೆ ಕೀವಾಗುತ್ತದೆ. ಅಮ್ಮನ ಲೆಕ್ಕದಲ್ಲಿ ನನಗೆ ಉಳಿದಿದ್ದು ಗಂಜಿ, ಮೆಣಸಿನ ಸಾರು. ಡಾಕ್ಟರು ಕೂತುಕೊಂಡು ಹೇಳಿದರು, "ಅಮ್ಮಾ, ಹೊಸ ಚರ್ಮ ನೇಯೋಕೆ ನೂಲು ಬೇಕಲ್ವಾ? ಆ ನೂಲೇ ಮೊಟ್ಟೆ, ಬೇಳೆ, ಹಾಲು. ಕೊಡದಿದ್ರೆ ಗಾಯ ಹಾಗೇ ಇರುತ್ತೆ." ಅಮ್ಮ ಒಪ್ಪಿದರು. ಮೊಟ್ಟೆ ಬೇಯಿಸಿ ತಂದರು. ಬದನೆಕಾಯಿ ಮಾತ್ರ ಕೊನೆಗೂ ತರಲಿಲ್ಲ.

ದುಡ್ಡಿನ ವಿಷಯ ಜಾಸ್ತಿ ಎಳೆಯುವುದಿಲ್ಲ. ಬಿಪಿಎಲ್ ಕಾರ್ಡು ಇದ್ದದ್ದಕ್ಕೆ ಆಸ್ಪತ್ರೆ ಖರ್ಚು ಬಹುಪಾಲು ಸರ್ಕಾರಿ ಯೋಜನೆಯಲ್ಲಿ ಹೋಯಿತು. ಕೂಲಿ ಹೋಯಿತು. ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಇದ್ದವರಿಗೆ ಕೆಲಸದಲ್ಲಿ ಗಾಯವಾಗಿ ಮಲಗಿದ ದಿನಗಳಿಗೆ ಕೂಲಿಯ ಶೇಕಡಾ 90ರಷ್ಟು ಸಿಗುತ್ತದೆ. ನಮ್ಮ ಹೆಸರು ಯಾವ ರಿಜಿಸ್ಟರಿನಲ್ಲೂ ಇಲ್ಲ. ಕಾಂಟ್ರಾಕ್ಟರು ಒಂದು ಸಲ ಬಂದು, ಹಣ್ಣು ತಂದು, ಒಂದಿಷ್ಟು ದುಡ್ಡು ದಿಂಬಿನ ಕೆಳಗಿಟ್ಟು, ಫೋನ್ ಬಂತು ಅಂತ ಹೊರಗೆ ಹೋದರು. ಭಟ್ಟರು ಮಾತ್ರ ಮೂರು ಸಲ ಬಂದರು.

ಡಿಸ್ಚಾರ್ಜ್ ಆದರೆ ಮುಗಿಯಿತು ಅಂದುಕೊಂಡಿದ್ದೆ. ನಿಜವಾದ ಕೆಲಸ ಆಮೇಲೆ. ಹೊಸ ಚರ್ಮಕ್ಕೆ ಮುದುಡುವ ಚಟ. ಮಣಿಕಟ್ಟು ಮಡಚಿ ಇಟ್ಟುಕೊಂಡರೆ ಹಾಯಾಗಿರುತ್ತದೆ, ಹಾಯಾಗಿದೆ ಅಂತ ಬಿಟ್ಟರೆ ಹಾಗೇ ಗಟ್ಟಿಯಾಗಿ ಕೂತುಬಿಡುತ್ತದೆ. ಫಿಸಿಯೋ ಮೇಡಂ ದಿನಾ ನನ್ನ ಬೆರಳು ಹಿಂದಕ್ಕೆ ಬಗ್ಗಿಸುವಾಗ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು, ಅವರು ನೋಡದ ಹಾಗೆ ಗೋಡೆ ಮೇಲಿನ ಕ್ಯಾಲೆಂಡರ್ ಓದುತ್ತಿದ್ದರು. ಮನೆಯಲ್ಲಿ ಚಪಾತಿ ಹಿಟ್ಟು ನಾದು ಅಂದರು. ಮದುವೆ ಅಡುಗೆಯವನಿಗೆ ಅರ್ಧ ಲೋಟ ಹಿಟ್ಟು ನಾದಲು ಇಪ್ಪತ್ತು ನಿಮಿಷ.

ಜೊತೆಗೆ ಬಿಗಿ ತೋಳುಚೀಲ, ದಿನಕ್ಕೆ 23 ಗಂಟೆ. ಕಲೆ ಉಬ್ಬದ ಹಾಗೆ ಅದು ಅದುಮಿ ಹಿಡಿಯುತ್ತದೆ. ಸ್ನಾನಕ್ಕೆ, ಎಣ್ಣೆ ಹಚ್ಚೋಕೆ ಮಾತ್ರ ತೆಗೀಬೇಕು. ನಮ್ಮ ಊರಿನ ಸೆಕೆಯಲ್ಲಿ, ಒಲೆ ಮುಂದೆ! ನೋವಿಗಿಂತ ನನ್ನನ್ನು ಸತಾಯಿಸಿದ್ದು ತುರಿಕೆ. ರಾತ್ರಿ ಎರಡು ಗಂಟೆಗೆ ಎದ್ದು ಕೊಬ್ಬರಿ ಎಣ್ಣೆ ಸವರಿಕೊಂಡು ಫ್ಯಾನ್ ಕೆಳಗೆ ಕೈ ಎತ್ತಿ ಹಿಡಿದು ಕೂರುತ್ತಿದ್ದೆ. ಇದರ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ.

ಐದನೇ ತಿಂಗಳಿಗೆ ಕೆಲಸಕ್ಕೆ ಹೋದೆ. ಮೊದಲ ದಿನ ಭಟ್ಟರು ನನಗೆ ಪಾತ್ರೆ ಎತ್ತಲು ಬಿಡಲಿಲ್ಲ, ತರಕಾರಿ ಹೆಚ್ಚುವಲ್ಲಿ ಕೂರಿಸಿದರು. ಛತ್ರದ ಅಡುಗೆ ಮನೆಗೆ ಕಾಲಿಟ್ಟ ತಕ್ಷಣ ನನ್ನ ಕಣ್ಣು ಹೋಗಿದ್ದು ಮೋರಿಗೆ. ಒಬ್ಬ ಹೊಸ ಹುಡುಗ, ಹದಿನೆಂಟು ಇರಬಹುದು, ತೋಳುಚೀಲ ನೋಡಿ "ಹೇಗಾಯ್ತಣ್ಣ?" ಅಂದ. ನಾನು ಸೋರೆಕಾಯಿ ಸಿಪ್ಪೆಯಿಂದ ಶುರುಮಾಡಿದೆ. ನಿದ್ದೆಗೆಟ್ಟಿದ್ದು, ಚಪ್ಪಲಿ, ಒದ್ದೆ ಬಟ್ಟೆ ಎಲ್ಲ ಹೇಳಿ ಹುಳಿಗೆ ಬರುವಷ್ಟರಲ್ಲಿ ಅವನು ಯಾರೋ ಕರೆದರು ಅಂತ ಎದ್ದು ಹೋಗಿದ್ದ.

ಮನೆಯಲ್ಲೂ ಒಂದಿಷ್ಟು ಬದಲಾಯಿತು. ಗ್ಯಾಸ್ ಪೈಪು ಹೊಸದು ಹಾಕಿಸಿದೆ. ಬಚ್ಚಲಲ್ಲಿ ತಣ್ಣೀರು ಮೊದಲು. ಅಮ್ಮ ಮಾತ್ರ ಈಗಲೂ ಅನ್ನದ ಪಾತ್ರೆಯನ್ನು ಒದ್ದೆ ಮಸಿಬಟ್ಟೆಯಲ್ಲೇ ಹಿಡಿದು ಗಂಜಿ ಬಸಿಯುತ್ತಾರೆ. ಹೆಂಗಸರ ವಾರ್ಡಿನ ಕಥೆಗಳನ್ನೆಲ್ಲ ನನಗೆ ಹೇಳಿದವರು ಇವರೇ. "ಅಮ್ಮ, ಬಟ್ಟೆ ಒದ್ದೆ ಇದೆ" ಅಂದರೆ, "ನಲವತ್ತು ವರ್ಷದಿಂದ ಹೀಗೇ ಬಸೀತಿದೀನಿ, ಹೋಗೋ" ಅನ್ನುತ್ತಾರೆ. ಪೇಟೆಯಿಂದ ದಪ್ಪನೆ ಹತ್ತಿ ಕೈಗವಸು ಒಂದು ಜೊತೆ ತಂದುಕೊಟ್ಟೆ. ಚೆನ್ನಾಗಿದೆ ಅಂದರು, ಹೂವಿನ ಚಿತ್ರ ಇದೆ ಅಂದರು. ಮಾರನೇ ದಿನ ನೋಡಿದರೆ ಒಂದು ಫ್ರಿಜ್ಜಿನ ಹಿಡಿಗೆ ಏರಿತ್ತು. ಇನ್ನೊಂದನ್ನು ಕೊಳೆಯಾಗುತ್ತದೆ ಅಂತ ಬೀರುವಿನಲ್ಲಿ ಇಟ್ಟಿದ್ದಾರೆ.